ದರ್ಶನದ ಹೊಣೆ, ಪಹಣಿಯ ಹೊಣೆ: ಜಾಮೀನು ಮುಚ್ಚಳಿಕೆಯ ಒಂದು ವಿಮರ್ಶೆ

ಬಂಧನಕ್ಕೊಳಗಾದ ಮನುಷ್ಯನು ವಿಚಾರಣೆ ಮುಗಿಯುವ ತನಕ ಸೆರೆಯಲ್ಲಿಯೇ ಇರಬೇಕಾಗಿಲ್ಲ. ಕರೆದ ದಿನ ಬಂದು ಹಾಜರಾಗುವೆನೆಂದು ಮುಚ್ಚಳಿಕೆ ಬರೆದುಕೊಟ್ಟು, ತನ್ನ ಪರವಾಗಿ ಹೊಣೆ ನಿಲ್ಲುವವರನ್ನು ಒದಗಿಸಿದಲ್ಲಿ ಶೀಘ್ರವಾಗಿ ಮನೆಗೆ ಮರಳಬಹುದು. ಜಾಮೀನನ್ನು ಕುರಿತು ಸಾಮಾನ್ಯವಾಗಿ ಪ್ರಚಲಿತವಾಗಿರುವ ಅಭಿಪ್ರಾಯವಿದು. ಕಾನೂನಿನ ಕೈಪಿಡಿಗಳೂ ಇದನ್ನೇ ಹೇಳುತ್ತವೆ. ಈ ಅಭಿಪ್ರಾಯವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ‘ಶೀಘ್ರವಾಗಿ’ ಎಂಬ ಮಾತು ಯಾರ ವಿಷಯದಲ್ಲಿ ನಿಜ, ಯಾರ ವಿಷಯದಲ್ಲಿ ನಿಜವಲ್ಲ ಎಂಬುದನ್ನು ವಿಚಾರಿಸದೆ ಅದನ್ನು ಒಪ್ಪಿಕೊಳ್ಳುವುದು ಸಾಧ್ಯವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ಅಂಕಿಗಳಂತೆ, 2022ನೆಯ ಇಸವಿಯ ಕೊನೆಯಲ್ಲಿ ಭಾರತದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನೂರಕ್ಕೆ ಸುಮಾರು 76ರಷ್ಟು. ಇವರೆಲ್ಲರೂ ಜಾಮೀನಿಗೆ ಅರ್ಹರೆಂದು ನಾವು ಹೇಳುತ್ತಿಲ್ಲ. ಜಾಮೀನಿನ ಆಜ್ಞೆಯಾದ ಮೇಲೂ ಹೊರಬರಲಾರದವರು ಇವರಲ್ಲಿದ್ದಾರೆಂಬುದನ್ನು ಸರ್ವೋಚ್ಚ ನ್ಯಾಯಾಲಯವೇ ಒಪ್ಪಿಕೊಂಡಿದೆ ಎಂಬಷ್ಟನ್ನು ಮಾತ್ರ ಇಲ್ಲಿ ಸ್ಮರಿಸುತ್ತೇವೆ.

ಪ್ರಸ್ತುತ ಲೇಖನದಲ್ಲಿ ನಾವು ಜಾಮೀನು ಮುಚ್ಚಳಿಕೆಯನ್ನು ಒಂದು ದಸ್ತಾವೇಜೆಂದು ಭಾವಿಸಿ, ಶಾಸನವನ್ನೋ ಹಳೆಯ ಕಡತವನ್ನೋ ಓದುವ ಕ್ರಮದಲ್ಲಿಯೇ ಓದಲು ಯತ್ನಿಸಿದ್ದೇವೆ. ನಾವು ನ್ಯಾಯವಾದಿಗಳಲ್ಲ, ಆದರೆ ಒಂದು ಬರಹವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಅದು ಹೇಳದೆ ಇರುವುದನ್ನು ಅದರ ಮೇಲೆ ಹೇರಿದವರು ಯಾರು ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಗಳ ನಿತ್ಯದ ಕೆಲಸವಾದುದರಿಂದ, ಈ ಪರೀಕ್ಷೆಯು ನಮ್ಮ ಅಧಿಕಾರವ್ಯಾಪ್ತಿಯನ್ನು ಮೀರಿದುದಲ್ಲವೆಂದು ನಂಬಿದ್ದೇವೆ.

ಮೊದಲು ಶಬ್ದಗಳನ್ನು ನೋಡೋಣ. ಈ ವ್ಯವಹಾರದಲ್ಲಿ ನಮ್ಮ ಜನರು ಬಳಸುವ ಮುಖ್ಯವಾದ ಮಾತುಗಳು ನಾಲ್ಕು: ಹೊಣೆ, ಜಾಮೀನು, ಮುಚ್ಚಳಿಕೆ, ಪಹಣಿ. ಇವುಗಳಲ್ಲಿ ಹೊಣೆ ಎಂಬುದು ಅಚ್ಚಗನ್ನಡ. ಹಳಗನ್ನಡದಲ್ಲಿ ಅದರ ರೂಪ ಪೊಣೆ. ಜಾಮೀನು ಅರಬ್ಬಿಯಿಂದ ಪಾರಸಿಯ ಮೂಲಕ ಬಂದುದು. ಮುಚ್ಚಳಿಕೆಯು ನೋಡುವುದಕ್ಕೆ ಕನ್ನಡದ ಮುಚ್ಚಳದ ಬಂಧುವಿನಂತೆ ಕಂಡರೂ ತುರ್ಕಿ ಮೂಲದ ಶಬ್ದವೆಂದು ನಿಘಂಟುಕಾರರು ಹೇಳುತ್ತಾರೆ. ಪಹಣಿ ಮರಾಠಿಯದು, ಪರಿಶೀಲನೆ, ತನಿಖೆ ಎಂದು ಅದರ ಅರ್ಥ. ಹೊಣೆಯೆಂದರೆ ಒಬ್ಬ ಮನುಷ್ಯನು ಇನ್ನೊಬ್ಬನಿಗಾಗಿ ತನ್ನನ್ನು ಒಡ್ಡಿಕೊಳ್ಳುವುದು. ಪಹಣಿಯಾದರೋ ಹೊಲವನ್ನು ಕುರಿತ ಬರಹ. ಕಂದಾಯದ ಲೆಕ್ಕಕ್ಕಾಗಿ ಹುಟ್ಟಿದ ಈ ಪತ್ರಿಕೆಯು ಹೊಣೆಯ ಸ್ಥಾನವನ್ನು ಆಕ್ರಮಿಸಿದ ಬಗೆಯೇ ನಮ್ಮ ವಿಮರ್ಶೆಯ ವಸ್ತು.

1973ರ ದಂಡ ಪ್ರಕ್ರಿಯಾ ಸಂಹಿತೆಯ ಎರಡನೆಯ ಅನುಸೂಚಿಯಲ್ಲಿ 45ನೆಯ ನಮೂನೆಯಾಗಿ ಮುಚ್ಚಳಿಕೆಯ ಪಾಠವನ್ನು ಕೊಟ್ಟಿದೆ. ಅದು ಚಿಕ್ಕ ಬರಹ, ಎರಡು ಭಾಗಗಳುಳ್ಳದ್ದು. ಮೊದಲನೆಯ ಭಾಗದಲ್ಲಿ ಆಪಾದಿತನು ತನ್ನ ಹೆಸರು, ಊರು, ತನ್ನ ಮೇಲಿನ ಆಪಾದನೆ ಇವುಗಳನ್ನು ಹೇಳಿ, ತನಿಖೆಯೋ ವಿಚಾರಣೆಯೋ ನಡೆಯುವ ಪ್ರತಿಯೊಂದು ದಿನವೂ ಹಾಜರಾಗುವುದಾಗಿಯೂ, ತಪ್ಪಿದಲ್ಲಿ ಇಂತಿಷ್ಟು ರೂಪಾಯಿಗಳನ್ನು ಸರಕಾರಕ್ಕೆ ಕಳೆದುಕೊಳ್ಳಲು ಬದ್ಧನೆಂದೂ ಬರೆದುಕೊಡುತ್ತಾನೆ. ಎರಡನೆಯ ಭಾಗದಲ್ಲಿ ಜಾಮೀನುದಾರನು, ಆ ಮನುಷ್ಯನು ಹಾಜರಾಗುವನೆಂಬುದಕ್ಕೆ ತಾನು ಹೊಣೆಯೆಂದೂ, ಅವನು ತಪ್ಪಿದಲ್ಲಿ ತಾನೂ ಅಷ್ಟು ಹಣವನ್ನು ಕಳೆದುಕೊಳ್ಳಲು ಬದ್ಧನೆಂದೂ ಸಹಿ ಮಾಡುತ್ತಾನೆ. ದಿನಾಂಕ, ಸಹಿ, ಅಷ್ಟಕ್ಕೆ ಮುಗಿಯಿತು. ಇಡೀ ನಮೂನೆಯಲ್ಲಿ ಜಮೀನಿನ ಮಾತೇ ಇಲ್ಲ. ಸರ್ವೆ ನಂಬರಿಗೆ ಬಿಟ್ಟ ಖಾಲಿ ಜಾಗವಿಲ್ಲ. ಎಕರೆ ಗುಂಟೆಗಳ ಅಂಕಣವಿಲ್ಲ. ಜಾಮೀನುದಾರನು ಇಂತಹ ಜಿಲ್ಲೆಯವನೇ ಆಗಿರಬೇಕೆಂಬ ಸೂಚನೆಯೂ ಇಲ್ಲ.

ಹಾಗಾದರೆ ಪಹಣಿಯು ಬಂದುದು ಎಲ್ಲಿಂದ? ಅದೇ ಸಂಹಿತೆಯ 441ನೆಯ ಕಲಮಿನಲ್ಲಿ ಜಾಮೀನುದಾರರು ‘ಸಮರ್ಥ’ರಾಗಿರಬೇಕೆಂದು ಹೇಳಿದೆ. ಅವರು ಯೋಗ್ಯರೋ ಅಥವಾ ಸಮರ್ಥರೋ ಎಂಬುದನ್ನು ನಿರ್ಣಯಿಸುವುದಕ್ಕಾಗಿ ನ್ಯಾಯಾಲಯವು ಪ್ರಮಾಣಪತ್ರಗಳನ್ನು ಸ್ವೀಕರಿಸಬಹುದು, ಅವಶ್ಯವೆನಿಸಿದರೆ ವಿಚಾರಣೆಯನ್ನೂ ನಡೆಸಬಹುದು ಎಂದು ಅದರ ನಾಲ್ಕನೆಯ ಉಪಕಲಮು ವಿಧಿಸುತ್ತದೆ. ಇಲ್ಲಿ ಎರಡು ಶಬ್ದಗಳಿವೆ ಎಂಬುದನ್ನು ವಾಚಕರು ಗಮನಿಸಬೇಕು. ಯೋಗ್ಯತೆಯು ಮನುಷ್ಯನನ್ನು ಕುರಿತದ್ದು: ಅವನು ಆಪಾದಿತನಿಗೆ ಏನಾಗಬೇಕು, ಅವನ ಮಾತು ಅಲ್ಲಿ ನಡೆಯುತ್ತದೆಯೆ, ಊರಿನಲ್ಲಿ ಅವನಿಗೆ ಎಂತಹ ಹೆಸರಿದೆ? ಸಾಮರ್ಥ್ಯವು ಅವನ ಆಸ್ತಿಯನ್ನು ಕುರಿತದ್ದು. ಈ ಎರಡನ್ನು ಕಾನೂನು ಜೊತೆಯಾಗಿ ಇಟ್ಟಿದ್ದರೂ ಆಚರಣೆಯಲ್ಲಿ ಎರಡನೆಯದು ಮೊದಲನೆಯದನ್ನು ನುಂಗಿಬಿಟ್ಟಿದೆ. ಆಸ್ತಿಯನ್ನು ಕಾಗದದಿಂದ ತೋರಿಸಬಹುದು. ಮಾತಿನ ತೂಕವನ್ನು ಕಾಗದದಿಂದ ತೋರಿಸಲಾಗದು. ಕೆಲಸದ ಒತ್ತಡದಲ್ಲಿರುವ ನ್ಯಾಯಾಧೀಶರು ಕಾಗದವನ್ನು ಆರಿಸಿಕೊಂಡುದು ಆಶ್ಚರ್ಯವೇನಲ್ಲ. ಕರ್ಣಾಟಕದಲ್ಲಿ ಆ ಕಾಗದವು ಸಾಮಾನ್ಯವಾಗಿ ಪಹಣಿ. 2000ದ ಸುಮಾರಿಗೆ ‘ಭೂಮಿ’ ಯೋಜನೆಯು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ಮೇಲಂತೂ ತಾಲ್ಲೂಕು ಕಚೇರಿಯಲ್ಲಿ ಅದರ ಪ್ರತಿಯನ್ನು ಪಡೆಯುವುದು ಕೆಲವೇ ನಿಮಿಷಗಳ ಮಾತಾಯಿತು. ಹೊಲವುಳ್ಳವನ ಬಂಧುವಿಗೆ ಜಾಮೀನು ಶೀಘ್ರವೆಂಬುದು ಈ ಅರ್ಥದಲ್ಲಿ ಪೂರ್ಣವಾಗಿ ನಿಜ.

ಹೊಲವಿಲ್ಲದವನ ಗತಿಯೇನು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗಿದೆ. ಇವುಗಳಲ್ಲಿ ಉತ್ತರದ ತುದಿಗಿರುವ ಪಾವಗಡವು ಬಹುಮಟ್ಟಿಗೆ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿದೆ; ಜಿಲ್ಲೆಯ ಮುಖ್ಯಪಟ್ಟಣವಾದ ತುಮಕೂರು ಅಲ್ಲಿಂದ ಸುಮಾರು 100 ಕಿಲೋಮೀಟರು. ಈ ತಾಲ್ಲೂಕಿನ ಕ್ಯಾತಗಾನಚೆರ್ಲು ಎಂಬ ಗ್ರಾಮವನ್ನು ನಾವು ಉದಾಹರಣೆಗಾಗಿ ತೆಗೆದುಕೊಳ್ಳುತ್ತೇವೆ. ಊರಿನ ಹೆಸರಿನ ಕೊನೆಯ ಭಾಗವು ತೆಲುಗಿನ ಚೆರುವು, ಎಂದರೆ ಕೆರೆ, ಎಂಬ ಶಬ್ದಕ್ಕೆ ಸಂಬಂಧಿಸಿದ್ದೆಂದು ತೋರುತ್ತದೆ. ನೆರೆಯ ರಾಯಚೆರ್ಲು ಎಂಬ ಹೆಸರೂ ಅಂತಹುದೇ. ಎರಡು ಭಾಷೆಗಳು ಬೆರೆತ ಈ ಸೀಮೆಯಲ್ಲಿ ಹೆಣ್ಣು ಕೊಡುವುದೂ ತರುವುದೂ ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ.

ಈ ಗ್ರಾಮದ ಹೆಸರು ಇತ್ತೀಚಿನ ವರ್ಷಗಳಲ್ಲಿ ಹೊರಗೂ ತಿಳಿದುದಕ್ಕೆ ಕಾರಣ ಪಾವಗಡದ ಸೌರವಿದ್ಯುತ್ ಉದ್ಯಾನ. ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಹರಡಿರುವ ಈ ಉದ್ಯಾನವು 2018ರಲ್ಲಿ ಉದ್ಘಾಟನೆಗೊಂಡು, 2019ರ ಕೊನೆಯ ವೇಳೆಗೆ 2,050 ಮೆಗಾವಾಟಿನ ಪೂರ್ಣ ಸಾಮರ್ಥ್ಯವನ್ನು ಮುಟ್ಟಿತು. ಇದಕ್ಕಾಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಒಡೆತನವು ರೈತರಲ್ಲಿಯೇ ಉಳಿಯಿತು. ಯಾರ ಹೆಸರಿನಲ್ಲಿ ಹೊಲವಿತ್ತೋ ಅವರಿಗೆ ಮಳೆಯ ಹಂಗಿಲ್ಲದ ವರಮಾನ ಬಂದಿತು. ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂಹೀನರಿಗೆ ಗುತ್ತಿಗೆಯಲ್ಲಿ ಪಾಲಿರಲಿಲ್ಲ, ಕೂಲಿಯೂ ಕಡಿಮೆಯಾಯಿತು. ಈ ಯೋಜನೆಯ ಗುಣದೋಷಗಳು ಇಲ್ಲಿ ಪ್ರಕೃತವಲ್ಲ. ಆದರೆ ಹೆಸರಿನಲ್ಲಿ ಹೊಲವುಳ್ಳವರು, ಹೊಲವಿಲ್ಲದವರು ಎಂದು ಊರನ್ನು ಎರಡಾಗಿ ಸೀಳುವ ಗೆರೆಯು ಇಷ್ಟು ಸ್ಪಷ್ಟವಾಗಿ ಕಾಣುವ ಸ್ಥಳಗಳು ವಿರಳ. ಜಾಮೀನಿನ ಗೆರೆಯೂ ಅದೇ ಆಗಿದೆ.

ಇಂತಹ ಊರಿನ ಭೂಹೀನ ಕೂಲಿಕಾರನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಪಂಪುಸೆಟ್ಟಿನ ತಾಮ್ರದ ತಂತಿಯನ್ನು ಕದ್ದನೆಂದು ಅವನ ಮೇಲೆ ಆಪಾದನೆ ಬಂದಿದೆಯೆನ್ನೋಣ. ನ್ಯಾಯಾಲಯವು ಜಾಮೀನು ಕೊಟ್ಟು, 50,000 ರೂಪಾಯಿಗಳ ಮುಚ್ಚಳಿಕೆಯನ್ನೂ ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರನ್ನೂ ಕೇಳಿದೆ. ತಂದೆಯ ಹೆಸರಿನಲ್ಲಿ ಭೂಮಿಯಿಲ್ಲ. ಹೆಂಡತಿಯ ಅಣ್ಣನಿಗೆ ಮೂರು ಎಕರೆ ಇದೆ. ಆದರೆ ಅದು ಗಡಿಯ ಆಚೆ, ಮಡಕಶಿರದ ಕಡೆ. ಆ ಭೂಮಿಯ ಕಾಗದವು ತೆಲುಗಿನಲ್ಲಿದೆ. ಅದನ್ನು ತಾಳೆನೋಡುವುದು ಹೇಗೆಂದು ಕಚೇರಿಯವರು ಕೇಳುತ್ತಾರೆ. ಉಳಿದವರು ಯಾರು? ಕೂಲಿಗೆ ಕರೆಯುವ ಒಡೆಯ. ಅವನು ಪಹಣಿ ತಂದು ಸಹಿ ಮಾಡಿದರೆ ಕೂಲಿಕಾರನು ಹೊರಬರುತ್ತಾನೆ. ಅಂದಿನಿಂದ ಅವನ ಕೂಲಿಯ ದರವನ್ನು ಕುರಿತು ಮಾತಾಡುವ ಬಾಯಿ ಯಾರದು? 1976ರಲ್ಲಿ ಕಾನೂನಿನ ಮೂಲಕ ರದ್ದಾದ ಜೀತಪದ್ಧತಿಯ ನೆನಪು ಇನ್ನೂ ಮಾಸದಿರುವ ಸೀಮೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಒಡೆಯನೂ ಒಪ್ಪದಿದ್ದರೆ ಆಜ್ಞೆಯು ಕಡತದಲ್ಲಿರುತ್ತದೆ, ಮನುಷ್ಯನು ಸೆರೆಯಲ್ಲಿರುತ್ತಾನೆ.

ಪಹಣಿಯನ್ನೇ ಹೊಣೆಯೆಂದೆಣಿಸುವ ಈ ಆಚರಣೆಯ ತಪ್ಪು ಎಲ್ಲಿದೆ ಎಂಬುದನ್ನು ತಿಳಿಯಲು ಕರ್ಣಾಟಕದಲ್ಲಿಯೇ ಹುಟ್ಟಿದ ಒಂದು ಗ್ರಂಥವು ನಮಗೆ ನೆರವಾಗುತ್ತದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ಬಹುಮಂದಿ ಬಲ್ಲರು. ಆದರೆ ದಾಯಭಾಗದ, ಎಂದರೆ ಆಸ್ತಿಯ ಪಾಲುಪಟ್ಟಿಯ, ಗ್ರಂಥವೆಂದೇ ಬಲ್ಲರು. ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದುದು ಆ ಭಾಗವನ್ನೇ ಆದುದರಿಂದ ನ್ಯಾಯಾಲಯಗಳಲ್ಲಿ ಮಿತಾಕ್ಷರೆಗೆ ಬಂದ ಹೆಸರೂ ಅದರಿಂದಲೇ. ಅದರ ವ್ಯವಹಾರಾಧ್ಯಾಯದಲ್ಲಿ ಹೊಣೆಗಾರಿಕೆಯನ್ನು ಕುರಿತು ಸೂಕ್ಷ್ಮವಾದ ವಿವೇಚನೆಯಿದೆ ಎಂಬುದು ಅಷ್ಟಾಗಿ ಪ್ರಸಿದ್ಧವಾಗಿಲ್ಲ.

ಯಾಜ್ಞವಲ್ಕ್ಯನ ಪ್ರಕಾರ ಹೊಣೆ, ಅಂದರೆ ಪ್ರಾತಿಭಾವ್ಯ, ಮೂರು ಬಗೆ: ದರ್ಶನ, ಪ್ರತ್ಯಯ, ದಾನ. ಬೇಕಾದಾಗ ಈ ಮನುಷ್ಯನನ್ನು ಕರೆತಂದು ತೋರಿಸುವೆನೆಂಬುದು ದರ್ಶನದ ಹೊಣೆ. ಇವನು ನಂಬಿಕೆಗೆ ಅರ್ಹನೆಂದು ಹೇಳುವುದು ಪ್ರತ್ಯಯದ ಹೊಣೆ. ಇವನು ಕೊಡದಿದ್ದರೆ ನಾನು ಕೊಡುವೆನೆಂಬುದು ದಾನದ ಹೊಣೆ. ಮೊದಲ ಇಬ್ಬರು ಹೊಣೆಗಾರರೂ ಮಾತು ತಪ್ಪಿದರೆ ತೆರಬೇಕಾದುದುಂಟು. ಆದರೆ ಅವರು ಸತ್ತರೆ ಅವರ ಮಕ್ಕಳು ತೆರಬೇಕಾಗಿಲ್ಲ. ದಾನದ ಹೊಣೆಗಾರನು ಸತ್ತರೆ ಮಾತ್ರ ಭಾರವು ಮಕ್ಕಳಿಗೆ ಇಳಿಯುತ್ತದೆ. ಈ ಭೇದದ ತಿರುಳನ್ನು ಗಮನಿಸಬೇಕು. ದರ್ಶನದ ಹೊಣೆಯು ವ್ಯಕ್ತಿಯದು. ವ್ಯಕ್ತಿಯೊಡನೆ ಹುಟ್ಟಿ ವ್ಯಕ್ತಿಯೊಡನೆ ಮುಗಿಯುತ್ತದೆ. ದಾನದ ಹೊಣೆಯು ಆಸ್ತಿಯದು; ಆಸ್ತಿ ಹೋದ ಕಡೆಗೆಲ್ಲ ಅದೂ ಹೋಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಸ್ಮೃತಿಕಾರರು ಈ ನಿಯಮಗಳನ್ನು ಹೇಳಿದುದು ಮುಖ್ಯವಾಗಿ ಸಾಲದ ವ್ಯವಹಾರವನ್ನು ಮನಸ್ಸಿನಲ್ಲಿಟ್ಟುಕೊಂಡು. ಇಂದಿನ ದಂಡಸಂಹಿತೆಯ ಜಾಮೀನು ಇಂಗ್ಲೆಂಡಿನಿಂದ ಬಂದುದು. ಒಂದರಿಂದ ಇನ್ನೊಂದು ಹುಟ್ಟಿತೆಂದು ಯಾರಾದರೂ ಹೇಳಿದರೆ ಅದು ಇತಿಹಾಸವಲ್ಲ, ಅಭಿಮಾನ. ಎರಡನೆಯದಾಗಿ, ಪ್ರಾಚೀನರ ವ್ಯವಸ್ಥೆಯು ಬಡವನಿಗೆ ದಯಾಮಯವಾಗಿತ್ತೆಂದು ಭಾವಿಸಬೇಕಾಗಿಲ್ಲ. ಹೊಣೆಗಾರನಿಲ್ಲದ ವ್ಯಾಜ್ಯಗಾರನನ್ನು ಕಾವಲಿನಲ್ಲಿಡಬೇಕೆಂದೂ, ದಿನದ ಕೊನೆಯಲ್ಲಿ ಕಾವಲಿನವನ ಕೂಲಿಯನ್ನು ಅವನೇ ಕೊಡಬೇಕೆಂದೂ ಕಾತ್ಯಾಯನನು ವಿಧಿಸಿದ್ದಾನೆ! ಅವಿಭಕ್ತರಾದ ತಂದೆಮಕ್ಕಳು, ಅಣ್ಣತಮ್ಮಂದಿರು, ದಂಪತಿಗಳು ಒಬ್ಬರಿಗೊಬ್ಬರು ಹೊಣೆಯಾಗಲಾಗದೆಂಬ ಯಾಜ್ಞವಲ್ಕ್ಯನ ಮಾತಿನ ಹಿಂದೆಯೂ ಆಸ್ತಿಯ ಚಿಂತೆಯೇ ಇದೆ. ವರ್ಣಭೇದದ ತರತಮಗಳಿಂದ ತುಂಬಿದ ಆ ನ್ಯಾಯಪದ್ಧತಿಯನ್ನು ಮರಳಿ ತರಬೇಕೆಂದು ಯಾವ ವಿವೇಕಿಯೂ ಬಯಸನು. ನಾವು ಅಲ್ಲಿಂದ ತೆಗೆದುಕೊಳ್ಳುವುದು ಒಂದು ವಿಭಾಗಕ್ರಮವನ್ನು ಮಾತ್ರ. ಆದರೂ ಹೊಣೆಯಾಗಬಾರದವರ ಪಟ್ಟಿಯಲ್ಲಿ ಕಾತ್ಯಾಯನನು ಒಡೆಯನನ್ನೂ ಸೇರಿಸಿರುವುದು, ಅವನ ಉದ್ದೇಶ ಏನೇ ಇರಲಿ, ಮೇಲೆ ಹೇಳಿದ ಕೂಲಿಕಾರನ ಸಂದರ್ಭದಲ್ಲಿ ನೆನೆಯತಕ್ಕದ್ದಾಗಿದೆ.

ಈ ವಿಭಾಗಕ್ರಮವನ್ನು 45ನೆಯ ನಮೂನೆಗೆ ಅನ್ವಯಿಸಿದರೆ, ಜಾಮೀನುದಾರನು ಬರೆದುಕೊಡುವುದು ನಿಸ್ಸಂದೇಹವಾಗಿ ದರ್ಶನದ ಹೊಣೆ. ಆಪಾದಿತನು ಸರಕಾರಕ್ಕೆ ಸಾಲಗಾರನಲ್ಲ; ಜಾಮೀನುದಾರನು ಅವನ ಸಾಲ ತೀರಿಸಲು ಒಪ್ಪಿದವನಲ್ಲ. ನಮೂನೆಯಲ್ಲಿರುವ ಹಣದ ಮೊತ್ತವು ತಪ್ಪಿಗೆ ವಿಧಿಸಿದ ತೆರ. ಇದು ನಮ್ಮ ಕಲ್ಪನೆಯಲ್ಲವೆಂಬುದಕ್ಕೆ ಸಂಹಿತೆಯಲ್ಲಿಯೇ ಸಾಕ್ಷ್ಯವಿದೆ. 446ನೆಯ ಕಲಮಿನ ನಾಲ್ಕನೆಯ ಉಪಕಲಮಿನಂತೆ, ಮುಚ್ಚಳಿಕೆಯು ಮುಟ್ಟುಗೋಲಾಗುವುದಕ್ಕೆ ಮುಂಚೆ ಜಾಮೀನುದಾರನು ತೀರಿಕೊಂಡರೆ ಅವನ ಆಸ್ತಿಯು ಸಕಲ ಹೊಣೆಯಿಂದಲೂ ಬಿಡುಗಡೆ ಹೊಂದುತ್ತದೆ. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ 491ನೆಯ ಕಲಮಿನಲ್ಲಿ ಈ ನಿಯಮವನ್ನು ಉಳಿಸಿಕೊಂಡಿದೆ. ಕಲ್ಯಾಣದ ವ್ಯಾಖ್ಯಾನಕಾರನೂ ಇಂಗ್ಲಿಷ್ ಮೂಲದ ಸಂಹಿತೆಯೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ನಿರ್ಣಯಕ್ಕೆ ಬಂದಿರುವುದು ಗಮನಾರ್ಹ. ಜಾಮೀನುದಾರನು ಸತ್ತೊಡನೆ ಹೊಲವು ಬಿಡುಗಡೆಯಾಗುವುದಾದರೆ, ಹೊಣೆಯು ಹೊಲದ ಮೇಲೆ ನಿಂತುದಲ್ಲವೆಂಬುದು ಕಾನೂನಿನ ಅಭಿಪ್ರಾಯ. ಹಾಗಿದ್ದೂ ಅವನು ಬದುಕಿರುವಾಗ ಹೊಲವಿಲ್ಲದೆ ಅವನನ್ನು ಹೊಣೆಯಾಗಲು ಬಿಡದಿರುವುದು ಆಚರಣೆ. ದರ್ಶನದ ಹೊಣೆಯನ್ನು ದಾನದ ಹೊಣೆಯ ಒರೆಗಲ್ಲಿನಿಂದ ಪರೀಕ್ಷಿಸುವ ಈ ಗೊಂದಲವೇ, ನಮ್ಮ ಅಭಿಪ್ರಾಯದಲ್ಲಿ, ಇಂದಿನ ಜಾಮೀನು ಪದ್ಧತಿಯ ಮೂಲದೋಷ.

ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಈ ದೋಷದ ಸಮೀಪಕ್ಕೆ ಹಲವು ಬಾರಿ ಬಂದಿವೆ. 1978ರ ಆಗಸ್ಟಿನಲ್ಲಿ ನಿರ್ಣಯವಾದ ಮೋತಿರಾಮ್ ಮೊಕದ್ದಮೆಯು ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಮಧ್ಯಪ್ರದೇಶದ ಒಬ್ಬ ಗಾರೆಕೆಲಸದವನಿಗೆ ಸರ್ವೋಚ್ಚ ನ್ಯಾಯಾಲಯವೇ ಜಾಮೀನು ಕೊಟ್ಟಿದ್ದರೂ, ಕೆಳಗಿನ ನ್ಯಾಯಾಧೀಶರು 10,000 ರೂಪಾಯಿಗಳ ಜಾಮೀನನ್ನು ಕೇಳಿದರು; ಅವನ ಸಹೋದರನು ಹೊಣೆ ನಿಲ್ಲಲು ಬಂದಾಗ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿರುವುದರಿಂದ ಒಪ್ಪಲಾಗದೆಂದರು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಇದನ್ನು ತೀವ್ರವಾಗಿ ಖಂಡಿಸಿ, 1,000 ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡುಗಡೆ ಮಾಡಿಸಿದರು. ಜಾಮೀನೆಂಬ ಶಬ್ದದಲ್ಲಿ ಜಾಮೀನುದಾರನಿಲ್ಲದ ಬಿಡುಗಡೆಯೂ ಸೇರುತ್ತದೆಂದು ಅರ್ಥೈಸಿದರು. ದೂರದ ಬಸ್ತರಿನಲ್ಲಿಯೋ ಪೋರ್ಟ್ ಬ್ಲೇರಿನಲ್ಲಿಯೋ ಸಿಕ್ಕಿಬಿದ್ದ ದಕ್ಷಿಣದವನು ಅಲ್ಲಿ ಆಸ್ತಿಯುಳ್ಳ ಹೊಣೆಗಾರನನ್ನು ಎಲ್ಲಿಂದ ತಂದಾನೆಂದು ಕೇಳುವಾಗ, ಮಲಯಾಳಿ, ತಮಿಳ, ತೆಲುಗರೊಡನೆ ಕನ್ನಡಿಗನನ್ನೂ ಅವರು ಹೆಸರಿಸಿದ್ದಾರೆ. ಬಸ್ತರಿನವರೆಗೆ ಹೋಗಬೇಕಾಗಿಲ್ಲ, ಪಾವಗಡದಿಂದ ಮಡಕಶಿರದ ದಾರಿಯಲ್ಲಿಯೇ ಈ ಪ್ರಶ್ನೆಯು ಎದುರಾಗುತ್ತದೆಂಬುದನ್ನು ಮೇಲೆ ಕಂಡಿದ್ದೇವೆ.

ಈ ತೀರ್ಪಿನ ಕರುಣೆಯೂ ಭಾಷೆಯ ಓಜಸ್ಸೂ ಮೆಚ್ಚತಕ್ಕವು. ಆದರೆ ವಿಮರ್ಶಕರಾಗಿ ನಾವು ಒಂದು ಮಾತನ್ನು ಹೇಳಬೇಕಾಗಿದೆ. ತೀರ್ಪು ಆಕ್ಷೇಪಿಸುವುದು ಮೊತ್ತದ ಅತಿರೇಕವನ್ನು, ಜಿಲ್ಲೆಯ ಗಡಿಯನ್ನು, ಬಡವನ ಅಸಹಾಯಕತೆಯನ್ನು. ಆ ಸಹೋದರನು ಆಸ್ತಿಯಿಂದಲ್ಲದೆ ಸಹೋದರನೆಂಬ ಕಾರಣದಿಂದಲೇ ಯೋಗ್ಯ ಹೊಣೆಗಾರನೆಂದು ಅದು ಎತ್ತಿ ಹೇಳಲಿಲ್ಲ. ಆದುದರಿಂದ ಬಡವನ ಪಾಲಿಗೆ ಉಳಿದುದು ವಿನಾಯಿತಿ. ನಿಯಮವು ಪಹಣಿಯುಳ್ಳವರ ಕೈಯಲ್ಲಿಯೇ ಉಳಿಯಿತು. ಮರುವರ್ಷ, 1979ರಲ್ಲಿ, ಬಿಹಾರದ ವಿಚಾರಣಾಧೀನರನ್ನು ಕುರಿತ ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಪಾದಿತನಿಗೆ ಸಮಾಜದಲ್ಲಿ ಬೇರುಗಳಿವೆಯೆ ಎಂಬುದನ್ನು ನೋಡಬೇಕೆಂದೂ, ವಾಸದ ಅವಧಿ, ಉದ್ಯೋಗ, ಕುಟುಂಬಸಂಬಂಧ, ಅವನ ಪರವಾಗಿ ಮಾತು ಕೊಡಬಲ್ಲ ಜವಾಬ್ದಾರಿಯುತ ಜನ ಇವುಗಳನ್ನು ಪರಿಗಣಿಸಬೇಕೆಂದೂ ಹೇಳಿದರು. ನ್ಯೂಯಾರ್ಕಿನಲ್ಲಿ 1961ರಲ್ಲಿ ಆರಂಭವಾದ ಮ್ಯಾನ್‌ಹಟನ್ ಜಾಮೀನು ಪ್ರಯೋಗವು ಅವರಿಗೆ ಆಧಾರವಾಗಿತ್ತು. ಮಿತಾಕ್ಷರೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಪ್ರತ್ಯಯದ ಹೊಣೆ. ಈ ತೀರ್ಪನ್ನು ಉದಾಹರಿಸದ ಪುಸ್ತಕವಿಲ್ಲ. ಅದನ್ನು ಅನುಸರಿಸಿ, ಆಪಾದಿತನು ಎಷ್ಟು ವರ್ಷಗಳಿಂದ ಆ ಊರಿನಲ್ಲಿದ್ದಾನೆಂದು ವಿಚಾರಿಸುವ ಕ್ರಮವು ಮಾತ್ರ ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ವಾಡಿಕೆಯಾಗಲಿಲ್ಲ.

ಶಾಸನಕರ್ತರು ಮಾಡಿದ ತಿದ್ದುಪಡಿಗಳ ವಿಷಯದಲ್ಲಿಯೂ ಇದೇ ಮಾತು. 2005ರಲ್ಲಿ ಅಂಗೀಕೃತವಾಗಿ 2006ರ ಜೂನ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ಜಾಮೀನು ಕೊಡಬಹುದಾದ ಅಪರಾಧಗಳಲ್ಲಿ ದರಿದ್ರನಾದ ಆಪಾದಿತನನ್ನು ಜಾಮೀನುದಾರನಿಲ್ಲದೆಯೇ ಬಿಡಬೇಕು. ಆದರೆ ಅವನು ದರಿದ್ರನೆಂಬುದು ಗೊತ್ತಾಗುವುದು ಹೇಗೆ? ಬಂಧನವಾದ ಒಂದು ವಾರದೊಳಗೆ ಜಾಮೀನು ಒದಗಿಸಲಾರದೆ ಹೋದರೆ ದರಿದ್ರನೆಂದು ಭಾವಿಸತಕ್ಕದ್ದೆಂದು ವಿವರಣೆಯು ಹೇಳುತ್ತದೆ. ಅಂದರೆ, ಹೊಲವುಳ್ಳವನು ಪಹಣಿಯನ್ನು ತೋರಿಸಿ ಅದೇ ದಿನ ಹೋಗಬಹುದು. ಹೊಲವಿಲ್ಲದವನು ಏಳು ದಿನಗಳ ಸೆರೆವಾಸವನ್ನೇ ತನ್ನ ಬಡತನದ ಪ್ರಮಾಣಪತ್ರವಾಗಿ ತೋರಿಸಬೇಕು. ಕೂಲಿಯಿಂದ ಬದುಕುವವನಿಗೆ ಏಳು ದಿನವೆಂದರೆ ಏನೆಂಬುದನ್ನು ಶಾಸನಕರ್ತರು ಯೋಚಿಸಿದಂತಿಲ್ಲ. ಅಲ್ಲದೆ ಕಳ್ಳತನದಂತಹ, ಜಾಮೀನು ಹಕ್ಕಾಗಿ ದೊರೆಯದ, ಆಪಾದನೆಗಳಿಗೆ ಈ ಸೌಲಭ್ಯವೂ ಇಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಹೊಸ ಸಂಹಿತೆಯು ಜಾಮೀನು, ಮುಚ್ಚಳಿಕೆ, ಜಾಮೀನು ಮುಚ್ಚಳಿಕೆ ಎಂಬ ಮೂರು ಶಬ್ದಗಳಿಗೂ ಮೊದಲ ಬಾರಿಗೆ ಲಕ್ಷಣಗಳನ್ನು ಬರೆಯಿತು. ಜಾಮೀನುದಾರನುಳ್ಳದ್ದು ಜಾಮೀನು ಮುಚ್ಚಳಿಕೆ, ಇಲ್ಲದ್ದು ಬರಿಯ ಮುಚ್ಚಳಿಕೆ. ಎರಡರಲ್ಲಿ ಯಾವುದಾದರೊಂದರ ಮೇಲೆ ಬಿಡುಗಡೆಯಾದರೂ ಅದು ಜಾಮೀನೇ. ಕೃಷ್ಣ ಅಯ್ಯರ್ ಅವರ ಅರ್ಥವಿವರಣೆಯು ಹೀಗೆ ಶಾಸನದ ಪಾಠದೊಳಗೆ ಸೇರಿದುದು ಸಂತೋಷದ ವಿಷಯ. ಹಿಂದೆಂದೂ ಅಪರಾಧಿಯೆಂದು ತೀರ್ಮಾನವಾಗಿರದ ಆಪಾದಿತನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕೆಂಬ ನಿಯಮವೂ ಒಳ್ಳೆಯದೇ. ಆದರೆ ‘ಸಮರ್ಥ’ ಎಂಬ ಶಬ್ದಕ್ಕೆ ಲಕ್ಷಣವನ್ನು ಬರೆಯಲಿಲ್ಲ. ಇಡೀ ವ್ಯವಹಾರವು ತೂಗುಹಾಕಿಕೊಂಡಿರುವುದು ಆ ಶಬ್ದಕ್ಕೆ.

ಆಡಳಿತದ ಕಡೆಯಿಂದ ಬಂದ ಪರಿಹಾರಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 2023ರ ಜನವರಿ 31ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಸೂಚನೆಗಳಂತೆ, ಜಾಮೀನಿನ ಆಜ್ಞೆಯು ಅದೇ ದಿನ ಅಥವಾ ಮರುದಿನ ಮಿಂಚಂಚೆಯಿಂದ ಸೆರೆಮನೆಗೆ ತಲುಪಬೇಕು. ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ಒದಗದಿದ್ದರೆ ನ್ಯಾಯಾಲಯವು ತಾನಾಗಿಯೇ ಷರತ್ತುಗಳನ್ನು ಸಡಿಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟವು ವಿಳಂಬದ ಕಾರಣಗಳಲ್ಲೊಂದೆಂದೂ ಅಲ್ಲಿ ಹೇಳಿದೆ. ಅದೇ ವರ್ಷ ಕೇಂದ್ರ ಸರಕಾರವು ಬಡ ಕೈದಿಗಳ ಜಾಮೀನಿಗಾಗಿ 40,000 ರೂಪಾಯಿಗಳವರೆಗೆ ನೆರವು ನೀಡುವ ಯೋಜನೆಯನ್ನು ತಂದಿತು. ಸೆರೆಮನೆಯ ಬಾಗಿಲಲ್ಲಿ ನಿಂತವನಿಗೆ ಇವು ದೊಡ್ಡ ಉಪಕಾರ. ಆದರೆ ಹಣದ ಹೊಣೆಯನ್ನು ಸರಕಾರವೇ ಸರಕಾರಕ್ಕೆ ಕೊಡುವ ಈ ಏರ್ಪಾಟು ಹೊಣೆಯ ಅರ್ಥವನ್ನು ಕೊನೆಯ ಹಂತದ ಶೂನ್ಯಕ್ಕೆ ಒಯ್ದಿದೆಯೆಂದು ಹೇಳದೆ ವಿಧಿಯಿಲ್ಲ.

ಶೀಘ್ರತೆಯೊಂದೇ ಗುರಿಯಾದರೆ ಅದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇರೊಂದು ದಾರಿಯಿದೆ. ಅಲ್ಲಿ ಹೊಣೆ ನಿಲ್ಲುವುದೇ ಒಂದು ವ್ಯಾಪಾರ. ಮೊತ್ತದ ಸಾಮಾನ್ಯವಾಗಿ ನೂರಕ್ಕೆ 10ರಷ್ಟನ್ನು ಕೊಟ್ಟರೆ ವರ್ತಕನು ಮುಚ್ಚಳಿಕೆ ಬರೆದುಕೊಡುತ್ತಾನೆ. ಆಪಾದಿತನು ನಿರ್ದೋಷಿಯೆಂದು ತೀರ್ಮಾನವಾದರೂ ಆ ಹಣವು ಮರಳಿ ಬಾರದು. ಫಿಲಿಪ್ಪೀನ್ಸ್ ಒಂದನ್ನು ಬಿಟ್ಟರೆ ಬೇರೆ ದೇಶಗಳು ಇದನ್ನು ಅನುಕರಿಸಲಿಲ್ಲ. ಅಮೆರಿಕದಲ್ಲಿಯೇ ಇಲಿನಾಯ್ ಸಂಸ್ಥಾನವು 1963ರಲ್ಲಿಯೇ ಈ ವರ್ತಕರನ್ನು ನಿಷೇಧಿಸಿ, 2023ರಲ್ಲಿ ಹಣದ ಜಾಮೀನನ್ನೇ ತೆಗೆದುಹಾಕಿತು. ಇಂಗ್ಲೆಂಡಿನ ನ್ಯಾಯಾಲಯವು 1885ರಲ್ಲಿ, ಜಾಮೀನುದಾರನ ನಷ್ಟವನ್ನು ತುಂಬಿಕೊಡುವ ಕರಾರು ನ್ಯಾಯವಿರುದ್ಧವೆಂದು ಸಾರಿತು. 1976ರ ಕಾಯಿದೆಯು ಅದನ್ನು ಅಪರಾಧವನ್ನಾಗಿಯೇ ಮಾಡಿತು. ಕಾರಣ ಸರಳವಾದುದು: ಕಳೆದುಕೊಳ್ಳುವ ಭಯವಿಲ್ಲದ ಹೊಣೆಗಾರನು ಕಾವಲು ಕಾಯುವುದಿಲ್ಲ.

ನಮ್ಮಲ್ಲಿ ಆ ವ್ಯಾಪಾರಕ್ಕೆ ಕಾನೂನಿನ ಮಾನ್ಯತೆಯಿಲ್ಲ. ಆದರೆ ಪಹಣಿಯೇ ಹೊಣೆಯಾದ ಕಡೆಯಲ್ಲಿ ಪಹಣಿಯನ್ನು ಬಾಡಿಗೆಗೆ ಕೊಡುವವರು ಹುಟ್ಟದಿರುತ್ತಾರೆಯೆ? ನ್ಯಾಯಾಲಯಗಳ ಆವರಣದಲ್ಲಿ ದುಡ್ಡಿಗೆ ಜಾಮೀನು ನಿಲ್ಲುವವರ ಮಾತು, ಅವರಲ್ಲಿ ಕೆಲವರು ಸುಳ್ಳು ಪಹಣಿಗಳನ್ನು ಹುಟ್ಟಿಸಿ ಬೆಂಗಳೂರಿನಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದ ವಾರ್ತೆ, ಇವು ಪತ್ರಿಕೆ ಓದುವವರಿಗೆ ಹೊಸತಲ್ಲ. ಎಂದೂ ಮುಖ ನೋಡಿರದ ಆಪಾದಿತನಿಗೆ ಹೊಣೆಯಾಗುವ ಇಂತಹವನು ಕಾಗದದ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆ. ಆಪಾದಿತನ ಭಾವಮೈದುನನು ಅನುತ್ತೀರ್ಣನಾಗುತ್ತಾನೆ. ಇಬ್ಬರಲ್ಲಿ ಆಪಾದಿತನನ್ನು ಕೈಹಿಡಿದು ಕರೆತರಬಲ್ಲವನು ಯಾರೆಂಬುದನ್ನು ಹೇಳಬೇಕಾಗಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಣೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಪಾವಗಡದಂತಹ ಗಡಿಯ ತಾಲ್ಲೂಕಿನಲ್ಲಿ ಕೆಲವು ಮೈಲಿ ನಡೆದರೆ ಬೇರೆ ರಾಜ್ಯ, ಬೇರೆ ಪೊಲೀಸು ಠಾಣೆ. ಆಪಾದಿತನು ಮರೆಯಾದರೆ ಸಾಕ್ಷಿಗಳು ತಿರುಗಿ ತಿರುಗಿ ಬಸವಳಿಯುತ್ತಾರೆ. ನಷ್ಟ ಹೊಂದಿದವನೂ ಬಡವನೇ ಆಗಿರಬಹುದು. ನ್ಯಾಯಾಧೀಶರ ಅಂಜಿಕೆಯು ನಿರಾಧಾರವಾದುದಲ್ಲ. ಆದರೆ ಆ ಅಂಜಿಕೆಗೆ ಪಹಣಿಯು ಪರಿಹಾರವಾಗಿದೆಯೆಂಬುದನ್ನು ಯಾರೂ ತೋರಿಸಿಕೊಟ್ಟಿಲ್ಲ. ಕೂಲಿಕಾರನು ಓಡಿಹೋದರೆ ಒಡೆಯನ ಹೊಲಕ್ಕೆ ತಾಗುವ ನಷ್ಟವು ಅವನನ್ನು ತಡೆಯುವುದಕ್ಕಿಂತ, ಹೆಂಡತಿಯ ಅಣ್ಣನ ಮಾತು ಹೋಗುತ್ತದೆಂಬ ಸಂಕೋಚವು ತಡೆಯುವುದು ಹೆಚ್ಚು. 2024ರ ಆಗಸ್ಟಿನಲ್ಲಿ ಗಿರೀಶ್ ಗಾಂಧಿ ಮೊಕದ್ದಮೆಯನ್ನು ತೀರ್ಮಾನಿಸುವಾಗ ಸರ್ವೋಚ್ಚ ನ್ಯಾಯಾಲಯವೂ, ಜಾಮೀನುದಾರನಾಗಿ ಬರುವವನು ಬಹುಶಃ ಹತ್ತಿರದ ಬಂಧುವೋ ಹಳೆಯ ಸ್ನೇಹಿತನೋ ಆಗಿರುತ್ತಾನೆಂಬುದನ್ನು ಗಮನಿಸಿ, ಹಲವು ಮೊಕದ್ದಮೆಗಳಿಗೆ ಅದೇ ಇಬ್ಬರನ್ನು ಒಪ್ಪಿಕೊಳ್ಳಲು ಅವಕಾಶ ಕೊಟ್ಟಿತು.

ಕಾನೂನನ್ನು ಬದಲಿಸದೆಯೇ ಒಂದು ಕೆಲಸವನ್ನು ಮಾಡಬಹುದೆಂದು ನಮಗೆ ತೋರುತ್ತದೆ. ಜಾಮೀನುದಾರನು ತಾನು ಎಷ್ಟು ಮಂದಿಗೆ ಹೊಣೆ ನಿಂತಿರುವೆನೆಂಬುದನ್ನು ಆಪಾದಿತನೂ ಸೇರಿದಂತೆ ತಿಳಿಸಬೇಕೆಂದು ಹೊಸ ಸಂಹಿತೆಯ 486ನೆಯ ಕಲಮು ವಿಧಿಸುತ್ತದೆ. ಇದು ಹೊಲವನ್ನಲ್ಲ, ಮನುಷ್ಯನನ್ನು ಕುರಿತ ಪ್ರಶ್ನೆ. ಅದೇ ಹೇಳಿಕೆಯಲ್ಲಿ ಇನ್ನೂ ಮೂರು ಪ್ರಶ್ನೆಗಳನ್ನು ಸೇರಿಸಿದರೆ ಕಚೇರಿಗೆ ಹೆಚ್ಚಿನ ಹೊರೆಯಾಗದು: ಆಪಾದಿತನು ನಿಮಗೆ ಏನಾಗಬೇಕು, ಎಷ್ಟು ವರ್ಷಗಳಿಂದ ಬಲ್ಲಿರಿ, ಅವನ ಮನೆಗೂ ನಿಮ್ಮ ಮನೆಗೂ ಎಷ್ಟು ದೂರ? ತಾಲ್ಲೂಕು ಕಚೇರಿಯಿಂದ ಬರುವ ಪಹಣಿಯಷ್ಟೇ ಸುಲಭವಾಗಿ ಗ್ರಾಮಪಂಚಾಯತಿಯಿಂದ ಇವಕ್ಕೆ ದೃಢೀಕರಣವೂ ದೊರೆಯಬಹುದು. ಮಡಕಶಿರದ ಭಾವಮೈದುನನು ಈ ಮೂರಕ್ಕೂ ತೆಲುಗಿನಲ್ಲಿ ಉತ್ತರ ಹೇಳಿದರೂ ಪಾವಗಡದ ನ್ಯಾಯಾಲಯದಲ್ಲಿ ಅದನ್ನು ಅರ್ಥಮಾಡಿಕೊಳ್ಳದವರು ಯಾರೂ ಇರಲಾರರು.